ಅಧ್ಯಕ್ಷರು ಮತ್ತು ಬೇಸ್‌ಬಾಲ್ ಆಟಗಾರರು: ಒಂದು ವಿನೋದದ ಸರಪಳಿ

ಅಮೆರಿಕದ ಶಾಲಾಮಕ್ಕಳು ತಮ್ಮ ದೇಶದ ಅಧ್ಯಕ್ಷರ ಹೆಸರುಗಳನ್ನು ಕಂಠಪಾಠ ಮಾಡುತ್ತಾರೆ. ಬೇಸ್‌ಬಾಲ್ ಆಟಗಾರರ ಹೆಸರುಗಳನ್ನಾದರೋ ಯಾರೂ ಹೇಳಿಕೊಡದೆಯೇ ಕಲಿಯುತ್ತಾರೆ. ಈ ಎರಡು ಪಟ್ಟಿಗಳನ್ನು ಒಂದಕ್ಕೊಂದು ಹೆಣೆಯುವುದು ಅಲ್ಲಿನ ಕ್ರೀಡಾಪ್ರಿಯರ ಒಂದು ವಿನೋದ. ನಮ್ಮ ಅಂತ್ಯಾಕ್ಷರಿಯಲ್ಲಿ ಒಂದು ಹಾಡಿನ ಕೊನೆಯ ಅಕ್ಷರ ಹಿಡಿದು ಮುಂದಿನ ಹಾಡಿಗೆ ಸಾಗುವಂತೆ, ಒಬ್ಬ ಅಧ್ಯಕ್ಷರಿಂದ ಒಬ್ಬ ಆಟಗಾರರಿಗೆ, ಅವರಿಂದ ಇನ್ನೊಬ್ಬ ಅಧ್ಯಕ್ಷರಿಗೆ ಎಂದು ಕೊಂಡಿ ಹಾಕುತ್ತ ಹೋಗಬೇಕು. ಮಕ್ಕಳು ಮೊಮ್ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ಕುಟುಂಬಗಳು ನಮ್ಮ ಓದುಗರಲ್ಲಿ ಅನೇಕವಿರುವುದರಿಂದ ಈ ವಿನೋದದ ರುಚಿಯನ್ನು ಇಲ್ಲಿ ಕೊಂಚ ಹಂಚಿಕೊಳ್ಳಲು ಬಯಸುತ್ತೇವೆ.

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ಅರ್ಥವಾಗದ ಆಟವೇನಲ್ಲ. ಬೌಲರನ ಸ್ಥಾನದಲ್ಲಿ ಪಿಚರ್. ಚೆಂಡು ನೆಲಕ್ಕೆ ಪುಟಿಯದೆ ನೇರವಾಗಿ ಬ್ಯಾಟಿನತ್ತ ಬರುತ್ತದೆ. ಮೂರು ಸಲ ಹೊಡೆತ ತಪ್ಪಿದರೆ ಬ್ಯಾಟರ್ ಔಟ್. ಪಿಚರ್ ನಾಲ್ಕು ಸಲ ಗುರಿತಪ್ಪಿ ಎಸೆದರೆ ಬ್ಯಾಟರನಿಗೆ ಮೊದಲನೆಯ ಬೇಸ್ ಪುಕ್ಕಟೆ. ನಾಲ್ಕು ಮೂಲೆಗಳನ್ನು ಸುತ್ತಿ ಬಂದರೆ ಒಂದು ರನ್. ಮೂವರು ಔಟಾದರೆ ಎದುರಾಳಿಗಳ ಸರದಿ. ಇಂತಹ ಒಂಬತ್ತು ಇನ್ನಿಂಗ್ಸ್. ಪ್ರಸ್ತುತ ಲೇಖನಕ್ಕೆ ಇಷ್ಟು ತಿಳಿದಿದ್ದರೆ ಸಾಕು.

ಸರಪಳಿಯ ಅತ್ಯಂತ ಸೊಗಸಾದ ಕೊಂಡಿಯಿಂದಲೇ ಪ್ರಾರಂಭಿಸೋಣ. ಗ್ರೋವರ್ ಕ್ಲೀವ್‌ಲ್ಯಾಂಡ್ 1885ರಿಂದ 1889ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದರು. ಆ ಅವಧಿಯಲ್ಲಿ, 1887ರಲ್ಲಿ, ನೆಬ್ರಾಸ್ಕ ರಾಜ್ಯದ ಎಲ್ಬಾ ಎಂಬ ಹಳ್ಳಿಯಲ್ಲಿ ಹುಟ್ಟಿದ ಒಂದು ಮಗುವಿಗೆ ತಂದೆತಾಯಿಗಳು ಅಧ್ಯಕ್ಷರ ಹೆಸರನ್ನೇ ಇಟ್ಟರು. ನಮ್ಮಲ್ಲಿಯೂ ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ಮನೆಮನೆಗಳಲ್ಲಿ ಸುಭಾಷರೂ ಜವಾಹರರೂ ಹುಟ್ಟಿದರಲ್ಲವೇ? ಹಾಗೆಯೇ ಇದೂ. ಆ ಮಗು ಬೆಳೆದು ಗ್ರೋವರ್ ಕ್ಲೀವ್‌ಲ್ಯಾಂಡ್ ಅಲೆಗ್ಸಾಂಡರ್ ಎಂಬ ಮಹಾನ್ ಪಿಚರ್ ಆಯಿತು. ಪಿಚರ್ ಆಗಿ ಅವರ ಗೆಲುವುಗಳ ಸಂಖ್ಯೆ 373. 1952ರಲ್ಲಿ ಅವರ ಜೀವನವನ್ನು ಆಧರಿಸಿ 'ದಿ ವಿನ್ನಿಂಗ್ ಟೀಮ್' ಎಂಬ ಚಲನಚಿತ್ರ ಬಂದಾಗ ಅಲೆಗ್ಸಾಂಡರರ ಪಾತ್ರ ವಹಿಸಿದವರು ರೊನಾಲ್ಡ್ ರೇಗನ್. 1981ರಲ್ಲಿ ರೇಗನ್ ಸ್ವತಃ ಅಧ್ಯಕ್ಷರಾದರು. ಹೀಗೆ ಒಬ್ಬ ಅಧ್ಯಕ್ಷರ ಹೆಸರು ಹೊತ್ತ ಆಟಗಾರರ ವೇಷವನ್ನು ಇನ್ನೊಬ್ಬ ಅಧ್ಯಕ್ಷರು ಧರಿಸಿದಂತಾಯಿತು. ಇಡೀ ಸರಪಳಿಯಲ್ಲಿ ಇದಕ್ಕೆ ಸಾಟಿಯಾದ ಕೊಂಡಿ ಮತ್ತೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಆದರೆ ಈ ವಿನೋದದ ಹಿಂದೆ ಒಂದು ನೋವಿನ ಕಥೆಯಿದೆ. ಮೊದಲನೆಯ ಮಹಾಯುದ್ಧದಲ್ಲಿ ಅಲೆಗ್ಸಾಂಡರ್ ಫ್ರಾನ್ಸಿನ ರಣರಂಗದಲ್ಲಿ ಫಿರಂಗಿ ದಳದಲ್ಲಿದ್ದರು. ಮರಳಿ ಬಂದಾಗ ಅವರ ಕಿವಿಯ ಶಕ್ತಿ ಕುಂದಿತ್ತು. ಅಪಸ್ಮಾರ, ಎಂದರೆ ಮೂರ್ಛೆರೋಗ, ಅವರನ್ನು ಕಾಡುತ್ತಿತ್ತು. ಕುಡಿತವೂ ಹತ್ತಿಕೊಂಡಿತು. ಜನರ ಕಣ್ಣಿಗೆ ಅವರು ಬರಿಯ ಕುಡುಕರಾಗಿ ಕಂಡರು. ಆ ಕಾಲದಲ್ಲಿ ಮೂರ್ಛೆರೋಗಕ್ಕಿಂತ ಕುಡಿತವೇ ಕಡಿಮೆ ಅವಮಾನಕರವಾಗಿತ್ತು. ಚಿತ್ರದಲ್ಲಿಯೂ ಅಪಸ್ಮಾರ ಎಂಬ ಪದವನ್ನು ಉಚ್ಚರಿಸಲು ನಿರ್ಮಾಪಕರು ಅವಕಾಶ ಕೊಡಲಿಲ್ಲವೆಂದು ರೇಗನ್ ಮುಂದೆ ವಿಷಾದದಿಂದ ಹೇಳಿಕೊಂಡರು.

ಅಂತಹ ಸ್ಥಿತಿಯಲ್ಲಿಯೂ 1926ರ ಅಕ್ಟೋಬರ್ 10ರಂದು ಅಲೆಗ್ಸಾಂಡರ್ ಮಾಡಿದ ಸಾಧನೆಯನ್ನು ಅಮೆರಿಕನ್ನರು ಇಂದಿಗೂ ಮರೆತಿಲ್ಲ. ವರ್ಲ್ಡ್ ಸೀರೀಸ್‌ನ ಏಳನೆಯ ಹಾಗೂ ನಿರ್ಣಾಯಕ ಪಂದ್ಯ. ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ಸೇಂಟ್ ಲೂಯಿಸ್ ಕಾರ್ಡಿನಲ್ಸ್. ಹಿಂದಿನ ದಿನವಷ್ಟೇ ಪೂರ್ತಿ ಪಂದ್ಯ ಎಸೆದು ಗೆಲ್ಲಿಸಿದ್ದ 39 ವರ್ಷದ ಅಲೆಗ್ಸಾಂಡರರನ್ನು ಏಳನೆಯ ಇನ್ನಿಂಗ್ಸ್‌ನಲ್ಲಿ ಮತ್ತೆ ಕರೆಸಲಾಯಿತು. ಮೂರು ಬೇಸ್‌ಗಳಲ್ಲಿಯೂ ಎದುರಾಳಿಗಳು ನಿಂತಿದ್ದರು. ಅಲೆಗ್ಸಾಂಡರ್, ಟೋನಿ ಲಝೇರಿ ಎಂಬ ಬಿರುಸಿನ ಬ್ಯಾಟರನನ್ನು ಔಟ್ ಮಾಡಿ ತಂಡವನ್ನು ಉಳಿಸಿದರು. ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ, ಇಬ್ಬರು ಔಟಾದ ಮೇಲೆ, ಬೇಬ್ ರೂತ್ ಪುಕ್ಕಟೆಯಾಗಿ ಮೊದಲನೆಯ ಬೇಸಿಗೆ ಬಂದರು. ಬಂದವರು ಎರಡನೆಯ ಬೇಸಿಗೆ ಕದ್ದು ಓಡಲು ಹೋಗಿ ಔಟಾದರು. ಸೇಂಟ್ ಲೂಯಿಸ್ 3–2ರಿಂದ ಗೆದ್ದಿತು. ಇಷ್ಟೆಲ್ಲ ಕೀರ್ತಿ ಗಳಿಸಿದ ಅಲೆಗ್ಸಾಂಡರ್ ನಿವೃತ್ತಿಯ ನಂತರ ಬಡತನದಲ್ಲಿ ದಿನ ಕಳೆದರು. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಬಳಿ ಚಿಗಟಗಳ ಸರ್ಕಸ್ ನಡೆಯುತ್ತಿದ್ದ ಒಂದು ಅಗ್ಗದ ಪ್ರದರ್ಶನಶಾಲೆಯಲ್ಲಿ ನಿಂತು, ಲಝೇರಿಯನ್ನು ಔಟ್ ಮಾಡಿದ ಕಥೆಯನ್ನು ಬಂದವರಿಗೆಲ್ಲ ಹೇಳಿ ಕೂಲಿ ಪಡೆಯುವ ಗತಿ ಅವರಿಗೊದಗಿತು. ಚಿತ್ರ ತೆರೆಕಾಣುವುದಕ್ಕೆ ಎರಡು ವರ್ಷ ಮೊದಲು, 1950ರಲ್ಲಿ, ಅವರು ತೀರಿಕೊಂಡರು.

ರೇಗನ್ನರಿಗೆ ಬೇಸ್‌ಬಾಲಿನ ನಂಟು ಕೇವಲ ವೇಷದ್ದಲ್ಲ. 1930ರ ದಶಕದಲ್ಲಿ ಅವರು ಅಯೋವ ರಾಜ್ಯದ ಡೆಮೊಯಿನ್ ನಗರದ ರೇಡಿಯೋ ಕೇಂದ್ರದಲ್ಲಿ ವೀಕ್ಷಕ ವಿವರಣೆಗಾರರಾಗಿದ್ದರು. ವೀಕ್ಷಕ ಎನ್ನುವುದು ಮಾತಿಗೆ ಮಾತ್ರ. ಪಂದ್ಯ ನಡೆಯುತ್ತಿದ್ದುದು ದೂರದ ಷಿಕಾಗೋದಲ್ಲಿ. ತಂತಿಯ ಮೂಲಕ ಬರುತ್ತಿದ್ದ ಒಂದೆರಡು ಪದಗಳನ್ನು ನೋಡಿ, ಎದುರಿಗೇ ಆಟ ನಡೆಯುತ್ತಿದೆಯೋ ಎಂಬಂತೆ ಅವರು ಬಣ್ಣಿಸುತ್ತಿದ್ದರು. ಒಮ್ಮೆ ತಂತಿ ಸತ್ತುಹೋಯಿತು. ರೇಗನ್ ಎದೆಗುಂದದೆ, ಬ್ಯಾಟರ್ ಒಂದರ ಮೇಲೊಂದು ಚೆಂಡನ್ನು ಗೆರೆಯಾಚೆ ತಳ್ಳುತ್ತಿದ್ದಾನೆಂದು ಹಲವು ನಿಮಿಷ ಕತೆ ಕಟ್ಟುತ್ತಲೇ ಇದ್ದರಂತೆ. ಇದನ್ನು ಅವರೇ ಅಧ್ಯಕ್ಷರಾದ ಮೇಲೂ ಖುಷಿಯಿಂದ ಹೇಳುತ್ತಿದ್ದರು. 1937ರಲ್ಲಿ ಷಿಕಾಗೋ ಕಬ್ಸ್ ತಂಡದ ತರಬೇತಿಯ ವರದಿಗೆಂದು ಕ್ಯಾಲಿಫೋರ್ನಿಯಕ್ಕೆ ಹೋದಾಗಲೇ ಅವರು ಚಿತ್ರಸಂಸ್ಥೆಯ ಪರೀಕ್ಷೆಗೆ ನಿಂತು ನಟರಾದದ್ದು. ಬೇಸ್‌ಬಾಲ್ ಇಲ್ಲದಿದ್ದರೆ ಹಾಲಿವುಡ್ಡಿಲ್ಲ. ಹಾಲಿವುಡ್ಡಿಲ್ಲದಿದ್ದರೆ ಶ್ವೇತಭವನ ಸಿಗುತ್ತಿತ್ತೇ ಎಂದು ಕೇಳುವವರಿದ್ದಾರೆ.

ಮತ್ತೆ ಕ್ಲೀವ್‌ಲ್ಯಾಂಡರ ಮನೆಗೆ ಬರೋಣ. ಅವರಿಗೆ ರೂತ್ ಎಂಬ ಮಗಳಿದ್ದಳು. 1904ರಲ್ಲಿ ಹನ್ನೆರಡನೆಯ ವಯಸ್ಸಿನಲ್ಲಿ ತೀರಿಕೊಂಡಳು. 1921ರಲ್ಲಿ ಷಿಕಾಗೋದ ಕರ್ಟಿಸ್ ಕ್ಯಾಂಡಿ ಕಂಪೆನಿ 'ಬೇಬಿ ರೂತ್' ಎಂಬ ಮಿಠಾಯಿಯನ್ನು ಮಾರುಕಟ್ಟೆಗೆ ತಂದಿತು. ಬೇಬ್ ರೂತ್ ಎಂಬ ಆಟಗಾರರ ಹೆಸರು ಮನೆಮಾತಾಗಿದ್ದ ಕಾಲವದು. ಆದರೆ ಕಂಪೆನಿಯವರು ಹೇಳಿದ್ದೇ ಬೇರೆ: ಇದು ಆಟಗಾರನ ಹೆಸರಲ್ಲ, ಅಧ್ಯಕ್ಷರ ಮಗಳ ಹೆಸರು! ತೀರಿಕೊಂಡು ಹದಿನೇಳು ವರ್ಷಗಳಾಗಿದ್ದ ಬಾಲಕಿಯ ನೆನಪು ಅವರಿಗೆ ಆಗಲೇ ಏಕೆ ಬಂದಿತೋ! ತಮ್ಮದೇ ಹೆಸರಿನ ಮಿಠಾಯಿ ಮಾರಲು ಬೇಬ್ ರೂತ್ ಹೊರಟಾಗ ಕಂಪೆನಿ ನ್ಯಾಯಾಲಯದಲ್ಲಿ ಅವರನ್ನೇ ತಡೆದು ಗೆದ್ದಿತು.

ಅದೇ ಬೇಬ್ ರೂತ್ 1930ರಲ್ಲಿ ಪಡೆದ ಸಂಬಳ 80,000 ಡಾಲರ್. ಅಧ್ಯಕ್ಷ ಹರ್ಬರ್ಟ್ ಹೂವರರದು 75,000. ಆರ್ಥಿಕ ಕುಸಿತದ ದಿನಗಳು. ಅಧ್ಯಕ್ಷರಿಗಿಂತ ಹೆಚ್ಚು ಸಂಬಳವೇ ಎಂದು ಕೇಳಿದ್ದಕ್ಕೆ, ಈ ವರ್ಷ ಅವರಿಗಿಂತ ನಾನೇ ಚೆನ್ನಾಗಿ ಆಡಿದೆನಲ್ಲ ಎಂಬರ್ಥದ ಮಾತನ್ನು ರೂತ್ ಹೇಳಿದರೆಂದು ಪ್ರತೀತಿ. ಹೇಳಿದರೋ ಇಲ್ಲವೋ, ಜನರ ಮನಸ್ಸಿನಲ್ಲಿದ್ದ ಮಾತಂತೂ ಅದೇ. 1948ರಲ್ಲಿ, ಸಾವಿಗೆ ಕೆಲವೇ ತಿಂಗಳ ಮೊದಲು, ರೂತ್ ತಮ್ಮ ಆತ್ಮಕಥೆಯ ಹಸ್ತಪ್ರತಿಯನ್ನು ಯೇಲ್ ವಿಶ್ವವಿದ್ಯಾಲಯಕ್ಕೆ ಅರ್ಪಿಸಿದರು. ಅದನ್ನು ಅವರ ಕೈಯಿಂದ ಸ್ವೀಕರಿಸಿದ ಕಾಲೇಜು ತಂಡದ ನಾಯಕ ಜಾರ್ಜ್ ಬುಷ್, ಮುಂದೆ 1989ರಲ್ಲಿ ಅಧ್ಯಕ್ಷರಾದ ಹಿರಿಯ ಬುಷ್. ಅವರ ಮಗ ಕಿರಿಯ ಬುಷ್ ಟೆಕ್ಸಸ್ ರೇಂಜರ್ಸ್ ತಂಡದ ಪಾಲುದಾರರಾಗಿದ್ದಾಗ, 1989ರಲ್ಲಿ, ತಂಡವು ಸ್ಯಾಮಿ ಸೋಸಾ ಎಂಬ ತರುಣನನ್ನು ಬಿಟ್ಟುಕೊಟ್ಟಿತು. ಆತ 1998ರಲ್ಲಿ ಬೇರೊಂದು ತಂಡದ ಪರವಾಗಿ 66 ಹೋಮ್ ರನ್ ಬಾರಿಸಿದ.

ಅಧ್ಯಕ್ಷರು ಋತುವಿನ ಮೊದಲ ಚೆಂಡು ಎಸೆಯುವ ಪದ್ಧತಿ 1910ರ ಏಪ್ರಿಲ್ 14ರಂದು ವಿಲಿಯಂ ಟಾಫ್ಟ್ ಅವರಿಂದ ಪ್ರಾರಂಭವಾಯಿತು. ಅಂದು ಆ ಚೆಂಡು ಹಿಡಿದವರು ವಾಷಿಂಗ್ಟನ್ ತಂಡದ ವಾಲ್ಟರ್ ಜಾನ್ಸನ್. ಸ್ಥೂಲಕಾಯದ ಟಾಫ್ಟ್ ಪಂದ್ಯದ ನಡುವೆ ಮೈಮುರಿಯಲು ಎದ್ದು ನಿಂತಾಗ ಗೌರವಾರ್ಥವಾಗಿ ಸಭೆಯೆಲ್ಲ ಎದ್ದಿತೆಂದೂ, ಏಳನೆಯ ಇನ್ನಿಂಗ್ಸ್‌ನಲ್ಲಿ ಪ್ರೇಕ್ಷಕರು ಎದ್ದು ನಿಲ್ಲುವ ಪದ್ಧತಿ ಅಲ್ಲಿಂದಲೇ ಬಂದಿತೆಂದೂ ಹೇಳುವುದುಂಟು. ಕತೆ ಚೆನ್ನಾಗಿದೆ, ನಂಬುವಂತಿಲ್ಲ. ಆ ಪದ್ಧತಿಯ ಉಲ್ಲೇಖ 1869ರ ಪತ್ರವೊಂದರಲ್ಲಿಯೇ ಸಿಗುತ್ತದೆ. ಜಾನ್ಸನ್ನರಿಗೆ ಇನ್ನೊಬ್ಬ ಅಧ್ಯಕ್ಷರ ನಂಟೂ ಇದೆ. ಜಾರ್ಜ್ ವಾಷಿಂಗ್ಟನ್ ಬಾಲ್ಯದಲ್ಲಿ ರಾಪಹಾನಕ್ ನದಿಯ ಆಚೆ ದಡಕ್ಕೆ ನಾಣ್ಯ ಎಸೆದರೆಂಬ ದಂತಕಥೆಯನ್ನು ಪರೀಕ್ಷಿಸಲು, 1936ರಲ್ಲಿ ವಾಷಿಂಗ್ಟನ್ನರ ಜನ್ಮದಿನದಂದು, ನಿವೃತ್ತ ಜಾನ್ಸನ್ ಫ್ರೆಡರಿಕ್ಸ್‌ಬರ್ಗಿನಲ್ಲಿ ಬೆಳ್ಳಿಯ ಡಾಲರೊಂದನ್ನು ಎಸೆದರು. ನಾಣ್ಯ ನದಿ ದಾಟಿತು. ವಾಷಿಂಗ್ಟನ್ ಎಸೆದಿದ್ದರೆಂಬುದು ಇದರಿಂದ ಸಿದ್ಧವಾಗುವುದಿಲ್ಲ, ಅದು ಬೇರೆ ಮಾತು.

ಥಿಯೊಡೋರ್ ರೂಸ್‌ವೆಲ್ಟರಿಗೆ ಬೇಸ್‌ಬಾಲ್ ಹಿಡಿಸುತ್ತಿರಲಿಲ್ಲ. ಅದು ಮೈಗಾಯವಾಗದ ಮೆತ್ತನೆಯ ಆಟವೆಂಬ ತಾತ್ಸಾರ ಅವರದು. ವಿಧಿಯ ಚೇಷ್ಟೆ ನೋಡಿ: 1919ರ ಜನವರಿ 6ರಂದು ಅವರು ತೀರಿಕೊಂಡರು, ಅದೇ ತಿಂಗಳ 31ರಂದು ಜಾರ್ಜಿಯ ರಾಜ್ಯದ ಬಡ ಕಪ್ಪು ಕುಟುಂಬವೊಂದರಲ್ಲಿ ಹುಟ್ಟಿದ ಮಗುವಿಗೆ ಅವರ ನೆನಪಿಗಾಗಿ ಜ್ಯಾಕ್ ರೂಸ್‌ವೆಲ್ಟ್ ರಾಬಿನ್ಸನ್ ಎಂದು ಹೆಸರಿಟ್ಟರು. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ತಂಡದ ಪರವಾಗಿ ಕಣಕ್ಕಿಳಿದು, ದಶಕಗಳಿಂದ ಬಿಳಿಯರಿಗಷ್ಟೇ ಮೀಸಲಾಗಿದ್ದ ಆಟದ ಬಾಗಿಲು ತೆರೆದ ಜ್ಯಾಕಿ ರಾಬಿನ್ಸನ್ ಅವರೇ.

ಅಧ್ಯಕ್ಷ ಐಸೆನ್‌ಹೋವರರಿಗಾದರೋ ಬೇಸ್‌ಬಾಲೆಂದರೆ ಪ್ರಾಣ. ತಾವು ಬಾಲ್ಯದಲ್ಲಿ ಹೋನಸ್ ವ್ಯಾಗ್ನರರಂತಹ ಆಟಗಾರನಾಗಬೇಕೆಂದಿದ್ದುದಾಗಿಯೂ, ಗೆಳೆಯನೊಬ್ಬ ಅಧ್ಯಕ್ಷನಾಗಬೇಕೆಂದಿದ್ದುದಾಗಿಯೂ, ಇಬ್ಬರ ಆಸೆಯೂ ಈಡೇರಲಿಲ್ಲವೆಂದೂ ಅವರು ಹೇಳಿಕೊಳ್ಳುತ್ತಿದ್ದರು. 1958ರ ಮೇ ತಿಂಗಳಲ್ಲಿ ಅವರು ಕಪ್ಪು ಜನಾಂಗದ ನಾಯಕರ ಸಭೆಯಲ್ಲಿ ತಾಳ್ಮೆಯಿಂದಿರುವಂತೆ ಹೇಳಿದಾಗ ರಾಬಿನ್ಸನ್ ಸಭಿಕರಲ್ಲಿದ್ದರು. ಆಟದಿಂದ ನಿವೃತ್ತರಾಗಿ ಕಾಫಿ ಕಂಪೆನಿಯೊಂದರ ಉಪಾಧ್ಯಕ್ಷರಾಗಿದ್ದ ಅವರು ಮರುದಿನವೇ ದೇಶದ ಅಧ್ಯಕ್ಷರಿಗೆ ಪತ್ರ ಬರೆದರು. ನಮ್ಮಷ್ಟು ತಾಳ್ಮೆ ತೋರಿದವರು ಬೇರಾರೂ ಇಲ್ಲ, ಜನರ ಹೃದಯ ಬದಲಾಗುವವರೆಗೆ ಒಂದು ಕೋಟಿ ಎಪ್ಪತ್ತು ಲಕ್ಷ ಮಂದಿ ಕಾಯಲಾರರು ಎಂಬುದು ಅದರ ತಾತ್ಪರ್ಯ. ಆಟಗಾರರು ಅಧ್ಯಕ್ಷರಿಗೆ ಬರೆದ ಪತ್ರಗಳಲ್ಲಿ ಇಷ್ಟು ಸಭ್ಯವೂ ಇಷ್ಟು ತೀಕ್ಷ್ಣವೂ ಆದದ್ದನ್ನು ನಾವು ಬೇರೆ ಕಂಡಿಲ್ಲ.

ರೂಸ್‌ವೆಲ್ಟರ ತಾತ್ಸಾರಕ್ಕೆ ಬೇಸ್‌ಬಾಲ್ ಸೇಡು ತೀರಿಸಿಕೊಂಡಿತೆಂದೂ ಹೇಳಬಹುದು. ವಾಷಿಂಗ್ಟನ್ ನ್ಯಾಷನಲ್ಸ್ ತಂಡದ ಮೈದಾನದಲ್ಲಿ 2006ರಿಂದ ಅಧ್ಯಕ್ಷರ ಮುಖವಾಡಗಳ ಓಟದ ಪಂದ್ಯ ನಡೆಯುತ್ತದೆ. ನಮ್ಮ ಜಾತ್ರೆಯ ಕೀಲುಗೊಂಬೆಗಳಂತಹ ದೊಡ್ಡ ತಲೆ ಹೊತ್ತ ವಾಷಿಂಗ್ಟನ್, ಜೆಫರ್ಸನ್, ಲಿಂಕನ್, ರೂಸ್‌ವೆಲ್ಟ್ ಓಡುತ್ತಾರೆ. 500ಕ್ಕೂ ಹೆಚ್ಚು ಓಟಗಳಲ್ಲಿ ರೂಸ್‌ವೆಲ್ಟ್ ಒಮ್ಮೆಯೂ ಗೆಲ್ಲಲಿಲ್ಲ; ಕೊನೆಗೆ 2012ರ ಅಕ್ಟೋಬರ್ 3ರಂದು ಗೆದ್ದರು.

ಇನ್ನೊಂದು ಕೊಂಡಿ ಉಳಿದಿದೆ. ರಾಬಿನ್ಸನ್ನರ ಅಂಗಿಯ ಸಂಖ್ಯೆ 42. 1997ರ ಏಪ್ರಿಲ್ 15ರಂದು, ಅವರ ಪ್ರವೇಶಕ್ಕೆ ಐವತ್ತು ವರ್ಷ ತುಂಬಿದಾಗ, ಆ ಸಂಖ್ಯೆಯನ್ನು ಎಲ್ಲ ತಂಡಗಳಿಂದಲೂ ಶಾಶ್ವತವಾಗಿ ನಿವೃತ್ತಗೊಳಿಸಲಾಯಿತು. ನ್ಯೂಯಾರ್ಕಿನ ಆ ಸಮಾರಂಭದಲ್ಲಿ ಉಪಸ್ಥಿತರಿದ್ದ ಬಿಲ್ ಕ್ಲಿಂಟನ್ ಅಮೆರಿಕದ 42ನೆಯ ಅಧ್ಯಕ್ಷರು. ಈ ಲೆಕ್ಕ ಕೂಡಿಬರುವುದು ಕ್ಲೀವ್‌ಲ್ಯಾಂಡರಿಂದಲೇ. ಅವರು 1889ರಲ್ಲಿ ಅಧಿಕಾರ ಬಿಟ್ಟು 1893ರಲ್ಲಿ ಮರಳಿ ಬಂದುದರಿಂದ ಪಟ್ಟಿಯಲ್ಲಿ ಅವರನ್ನು 22ನೆಯವರೆಂದೂ 24ನೆಯವರೆಂದೂ ಎರಡು ಸಲ ಎಣಿಸುತ್ತಾರೆ. ಒಮ್ಮೆಯೇ ಎಣಿಸಿದ್ದರೆ ಕ್ಲಿಂಟನ್ 41ನೆಯವರಾಗುತ್ತಿದ್ದರು.