ಮುತ್ತು ಕಟ್ಟಿದ ಅವ್ವ ವಿಲನ್ ಅಲ್ಲ: ಪರದೆಯ ಕಥೆ, ಚಿಕ್ಕೋಡಿ ಸೀಮೆಯ ವಾಸ್ತವ

ಅಜ್ಜಿ, ತಾಯಿ, ಮಗಳು ಒಂದೇ ಸೂರಿನಡಿ ಮೂರು ದಿಕ್ಕಿಗೆ ಎಳೆಯುವ ಕಥೆ ಕನ್ನಡ ಸಿನಿಮಾಕ್ಕೆ ಹೊಸದಲ್ಲ. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1969ರಲ್ಲಿ ತೆರೆಗೆ ತಂದ ‘ಗೆಜ್ಜೆ ಪೂಜೆ’ ಇಂಥ ಕಥೆಗಳಿಗೆಲ್ಲ ಹಿರಿಯಕ್ಕ. ಮನೆಯ ಮುದುಕಿಗೆ ಕುಲಕಸುಬು ಮುಂದುವರಿಯಬೇಕು, ತಾಯಿಗೆ ಮಗಳ ಕೊರಳಲ್ಲಿ ತಾಳಿ ನೋಡಬೇಕು, ಕಲ್ಪನಾ ಅಭಿನಯಿಸಿದ ಚಂದ್ರಾಗೆ ಎಲ್ಲರಂತೆ ಒಂದು ಸಂಸಾರ ಬೇಕು. ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಈ ಸಿನಿಮಾ 1981ರಲ್ಲಿ ‘ಆಹಿಸ್ತಾ ಆಹಿಸ್ತಾ’ ಆಗಿ ಹಿಂದಿಗೂ ಹೋಯಿತು.

ಚಿತ್ರ ದೊಡ್ಡದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ದೇವದಾಸಿ ತಾಯಂದಿರ ಮಾತು ಬಂದಾಗಲೂ ಜನ ಅಳೆಯುವುದು ಸಿನಿಮಾದ ಅಳತೆಗೋಲಿನಿಂದಲೇ. ಅಲ್ಲಿಂದ ಹುಟ್ಟಿದ ಕೆಲವು ತಪ್ಪು ತಿಳಿವಳಿಕೆಗಳು ಇಲ್ಲಿವೆ.

ತಪ್ಪು ಕಲ್ಪನೆ 1: ‘ಗೆಜ್ಜೆ ಪೂಜೆ’ಯಲ್ಲಿ ತೋರಿಸಿದ್ದೇ ನಮ್ಮ ಕಡೆಯ ಪದ್ಧತಿ

ವಾಸ್ತವ: ಅಲ್ಲ. ಗೆಜ್ಜೆ ಪೂಜೆ ಹಾಡು-ಕುಣಿತವನ್ನೇ ಬದುಕು ಮಾಡಿಕೊಂಡ ಮನೆತನಗಳ ಆಚರಣೆ. ಅಲ್ಲಿ ಹುಡುಗಿ ವಯಸ್ಸಿಗೆ ಬಂದಿರುತ್ತಾಳೆ, ವಿದ್ಯೆ ಕಲಿತಿರುತ್ತಾಳೆ, ಮನೆಯಲ್ಲಿ ವೀಣೆ-ತಬಲಾ ಇರುತ್ತವೆ. ಈ ಸೀಮೆಯಲ್ಲಿ ನಡೆಯುತ್ತಿದ್ದುದು ಯಲ್ಲಮ್ಮ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟುವುದು, ಅಂದರೆ ಹುಡುಗಿಯನ್ನು ದೇವಿಗೆ ಬಿಡುವುದು. ಕೆಂಪು-ಬಿಳಿ ಮಣಿಗಳ ಒಂದು ಸರ, ಹೊಸ ಸೀರೆ, ಹಸಿರು ಬಳೆ, ಭಂಡಾರ, ಐದು ಮನೆಯಲ್ಲಿ ಜೋಗ ಬೇಡುವುದು: ಇಷ್ಟರಲ್ಲಿ ಮುಗಿಯುವ ಶಾಸ್ತ್ರ. ಮುತ್ತು ಕಟ್ಟಿಸಿಕೊಂಡವರಲ್ಲಿ ಹೆಚ್ಚಿನವರು ದಲಿತ ಕೇರಿಗಳ ಮಕ್ಕಳು. ಎಷ್ಟೋ ಮಂದಿಗೆ ಆಗ ತಮ್ಮ ಕೊರಳಿಗೆ ಬಿದ್ದದ್ದು ಏನೆಂದು ತಿಳಿಯುವ ವಯಸ್ಸೂ ಆಗಿರಲಿಲ್ಲ. ಯಲ್ಲಮ್ಮನ ಮುಖ್ಯ ಗುಡಿಯಿರುವ ಸವದತ್ತಿಗೆ ಹೋಗಲಾಗದವರಿಗೆ ಅಥಣಿ ತಾಲ್ಲೂಕಿನ ಕೊಕಟನೂರ ಯಲ್ಲಮ್ಮನ ಜಾತ್ರೆ ಹತ್ತಿರವೇ ಇತ್ತು.

ಈ ವ್ಯತ್ಯಾಸ ಮುಖ್ಯ. ಸಿನಿಮಾದಲ್ಲಿ ಮಗಳು “ಬೇಡ” ಅನ್ನಬಲ್ಲಳು. ಅವಳ ಆ ಬೇಡವೇ ಕಥೆಯನ್ನು ನಡೆಸುತ್ತದೆ. ಇಲ್ಲಿ ಮಗಳಿಗೆ ಸಿಟ್ಟು ಬರುವ ಹೊತ್ತಿಗೆ ಎಲ್ಲ ಮುಗಿದು ಹತ್ತು ವರ್ಷವಾಗಿರುತ್ತದೆ. “ನನ್ನ ಯಾಕ ಬಿಟ್ಟಿ ಅವ್ವಾ?” ಎಂಬ ಪ್ರಶ್ನೆ ಬಂದಾಗ ಅವ್ವನ ಬಳಿ ಇರುವುದು, “ಆಯಿ ಹೇಳಿದ್ಲು, ಊರಾಗಿನ ಹಿರ್ಯಾರು ಹೇಳಿದ್ರು, ನನ್ನ ಯಾರು ಕೇಳಿದ್ರು?” ಎಂಬ ಮರುಪ್ರಶ್ನೆ ಮಾತ್ರ.

ತಪ್ಪು ಕಲ್ಪನೆ 2: ದುಡ್ಡಿನ ಆಸೆಗೆ ತಾಯಂದಿರು ಮಗಳನ್ನು ಬಿಟ್ಟರು

ವಾಸ್ತವ: ಬಡತನ ಇತ್ತು, ಮಗಳ ದುಡಿಮೆಯ ಮೇಲೆ ಮನೆ ನಡೆದದ್ದೂ ಉಂಟು. ಆದರೆ ಕಾರಣಗಳನ್ನು ಒಂದೊಂದಾಗಿ ಬಿಚ್ಚಿದರೆ ಮೊದಲು ಸಿಗುವುದು ಗಂಡುಮಗನ ಕೊರತೆ. ಗಂಡು ಸಂತಾನವಿಲ್ಲದ ಮನೆಯಲ್ಲಿ ಒಬ್ಬ ಮಗಳಿಗೆ ಮುತ್ತು ಕಟ್ಟಿದರೆ ಅವಳು ಗಂಡನ ಮನೆಗೆ ಹೋಗುವುದಿಲ್ಲ. ತವರಲ್ಲೇ ಉಳಿದು ಮುಪ್ಪಿನಲ್ಲಿ ತಂದೆ-ತಾಯಿಯನ್ನು ಸಾಕುತ್ತಾಳೆ, ಮಣ್ಣು ಮಾಡುತ್ತಾಳೆ, ಇದ್ದ ತುಂಡು ಹೊಲಕ್ಕೆ ವಾರಸುದಾರಳಾಗುತ್ತಾಳೆ. ಅವಳ ಮಕ್ಕಳಿಂದ ಆ ಮನೆತನ ಮುಂದುವರಿಯುತ್ತದೆ. ಬೆಳಗಾವಿ ಸೀಮೆಯ ಜೋಗತಿಯರನ್ನು, ಅಂದರೆ ಯಲ್ಲಮ್ಮನಿಗೆ ಬಿಟ್ಟ ಹೆಂಗಸರನ್ನು, ಕುರಿತು ಮಾನವಶಾಸ್ತ್ರಜ್ಞೆ ಲುಸಿಂಡಾ ರ‍್ಯಾಂಬರ್ಗ್ 2014ರಲ್ಲಿ ಪ್ರಕಟಿಸಿದ ‘ಗಿವನ್ ಟು ದ ಗಾಡೆಸ್’ ಪುಸ್ತಕವೂ ಈ ಸಂಗತಿಯನ್ನು ವಿಸ್ತಾರವಾಗಿ ಹೇಳುತ್ತದೆ: ಜೋಗತಿ ಮಗಳು ಮನೆಗೆ ಮಗನಾಗಿ ನಿಲ್ಲುತ್ತಾಳೆ.

ಇನ್ನೊಂದು ಕಾರಣ ಜಟೆ. ಎಣ್ಣೆ-ಬಾಚಣಿಗೆ ಕಾಣದ ಕೂದಲು ಗಂಟುಗಟ್ಟಿದರೆ ಅದು ಯಲ್ಲಮ್ಮನ ಕರೆ ಎಂಬ ನಂಬಿಕೆ. ರಾಜನ್ ಗವಸ್ ಅವರ ಕಾದಂಬರಿಗಳನ್ನು ಆಧರಿಸಿ ರಾಜೀವ್ ಪಾಟೀಲ್ 2009ರಲ್ಲಿ ಮಾಡಿದ ಮರಾಠಿ ಚಿತ್ರ ‘ಜೋಗವಾ’ದ ನಾಯಕಿಯ ಬದುಕು ತಿರುಗುವುದು ಈ ಜಟೆಯಿಂದಲೇ. ಕರ್ನಾಟಕ-ಮಹಾರಾಷ್ಟ್ರ ಗಡಿಯ ಜನಕ್ಕೆ ಆ ಕಥೆ ಪರಭಾಷೆಯದು ಅನ್ನಿಸುವುದಿಲ್ಲ. ಯಲ್ಲಮ್ಮನ ಜಾತ್ರೆಗೆ ಎರಡೂ ರಾಜ್ಯದ ಬಂಡಿಗಳು ಬರುತ್ತವೆ.

ಹೊಲದ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. 1994ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ, 2005ರಿಂದ ಇಡೀ ದೇಶದಲ್ಲಿ, ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ. ಮದುವೆಯಾಗಿ ಹೋದರೂ ಹಕ್ಕು ಹೋಗುವುದಿಲ್ಲ. ಆಸ್ತಿ ಉಳಿಸಲು ಮಗಳನ್ನು ದೇವರಿಗೆ ಬಿಡಬೇಕೆಂಬ ಹಳೆಯ ಲೆಕ್ಕಕ್ಕೆ ಕಾಗದದ ಮೇಲಂತೂ ಈಗ ಬುಡವಿಲ್ಲ. ಮುತ್ತು ಕಟ್ಟಬಾರದು ಎಂದು ಹೇಳುವಷ್ಟು ಗಟ್ಟಿಯಾಗಿ ಈ ಹಕ್ಕಿನ ಮಾತನ್ನು ಯಾರೂ ಆ ಮನೆಗಳಿಗೆ ಮುಟ್ಟಿಸಲಿಲ್ಲ.

ತಪ್ಪು ಕಲ್ಪನೆ 3: 1982ರ ಕಾನೂನು ಬಂತು, ಪದ್ಧತಿ ನಿಂತಿತು

ವಾಸ್ತವ: ಈ ಸೀಮೆಗೆ 1982ರದು ಮೊದಲ ಕಾನೂನೂ ಅಲ್ಲ. ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿದ್ದಾಗಲೇ, 1934ರಲ್ಲಿ, ಬಾಂಬೆ ದೇವದಾಸಿ ಸಂರಕ್ಷಣಾ ಕಾಯ್ದೆ ಬಂದಿತ್ತು. ಅರ್ಧ ಶತಮಾನದ ನಂತರ ಕರ್ನಾಟಕ ಮತ್ತೊಂದು ಕಾಯ್ದೆ ಮಾಡಬೇಕಾಯಿತು ಎಂಬುದೇ ಮೊದಲನೆಯದರ ಗತಿಯನ್ನು ಹೇಳುತ್ತದೆ. 1982ರ ಕಾಯ್ದೆ ಜಾರಿಗೆ ಬಂದದ್ದು 1984ರಲ್ಲಿ. ಅದಾಗಿ ಎಷ್ಟೋ ವರ್ಷಗಳ ಬಳಿಕ, 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಗುರುತಿಸಿದ ದೇವದಾಸಿಯರ ಸಂಖ್ಯೆ ಒಟ್ಟು 46,660.

ತಾಯಿ-ಮಗಳ ನಂಟಿಗೆ ನೇರವಾಗಿ ತಾಗುವ ಅಂಶ 1982ರ ಕಾಯ್ದೆಯ ಶಿಕ್ಷೆಯ ಕಲಮಿನಲ್ಲಿತ್ತು. ಮುತ್ತು ಕಟ್ಟಿದವರಿಗೆ ಮೂರು ವರ್ಷದವರೆಗೆ ಜೈಲು. ಕಟ್ಟಿಸಿದವರು ತಂದೆ-ತಾಯಿ, ಪೋಷಕರು ಅಥವಾ ಸಂಬಂಧಿಕರಾಗಿದ್ದರೆ ಕನಿಷ್ಠ ಎರಡು, ಗರಿಷ್ಠ ಐದು ವರ್ಷ. ಹೆತ್ತವರ ಹೊಣೆ ಹೆಚ್ಚು ಎಂಬ ನ್ಯಾಯ ಸರಿಯೇ. ಆದರೆ ಠಾಣೆಯಲ್ಲಿ ದೂರು ಕೊಡುವುದೆಂದರೆ ಮಗಳು ಅವ್ವನನ್ನೇ ಒಳಗೆ ಹಾಕಿಸಿದಂತೆ. ಆ ಅವ್ವನೂ ಒಂದು ಕಾಲಕ್ಕೆ ಮುತ್ತು ಕಟ್ಟಿಸಿಕೊಂಡ ಕೂಸೇ ಆಗಿರಬಹುದು. ಯಾವ ಮಗಳು ಅಷ್ಟು ದೂರ ಹೋಗುತ್ತಾಳೆ? ಹೀಗಾಗಿ ಆಚರಣೆ ಜಾತ್ರೆಯ ಬಯಲಿನಿಂದ ಮನೆಯ ಒಳಕೋಣೆಗೆ ಸರಿಯಿತು.

ತಪ್ಪು ಕಲ್ಪನೆ 4: ಇವು ಅಪ್ಪನಿಲ್ಲದ ಮನೆಗಳು, ಜಗಳವೆಲ್ಲ ಹೆಂಗಸರದ್ದೇ

ವಾಸ್ತವ: ಅಪ್ಪ ಇದ್ದಾನೆ. ಹಲವು ಸಲ ಅದೇ ಊರಲ್ಲಿ, ತನ್ನ ಹೆಂಡತಿ-ಮಕ್ಕಳ ಜೊತೆ, ಮಾನವಂತನೆಂದು ಕರೆಸಿಕೊಂಡು ಇದ್ದಾನೆ. ಇಲ್ಲದ್ದು ಅವನ ಹೆಸರು. ಶಾಲೆಗೆ ಸೇರಿಸುವ ದಿನ ‘ತಂದೆಯ ಹೆಸರು’ ಎಂಬ ಖಾನೆಯ ಮೇಲೆ ಗುರುಗಳ ಪೆನ್ನು ನಿಲ್ಲುತ್ತದೆ, ಅವ್ವ ನೆಲ ನೋಡುತ್ತಾಳೆ, ಮಗಳು ಅವ್ವನ ಮುಖ ನೋಡುತ್ತಾಳೆ. ಅಲ್ಲಿ ಹುಟ್ಟಿದ ಸಿಟ್ಟು ಮುಂದೆ ಊಟಕ್ಕೆ, ಬಟ್ಟೆಗೆ, ಫೋನಿಗೆ ಜಗಳವಾಗಿ ಹೊರಬರುತ್ತದೆ. ನೋಡುವವರಿಗೆ ಅದು ತಾಯಿ-ಮಗಳ ಕಚ್ಚಾಟ.

ಗಿರೀಶ ಕಾಸರವಳ್ಳಿ ಅವರ ‘ತಾಯಿ ಸಾಹೇಬ’ (1997) ಈ ಕಡೆಯ ಸತ್ಯಕ್ಕೆ ಹೆಚ್ಚು ಹತ್ತಿರ. ರಂ.ಶಾ. ಲೋಕಾಪುರರ ಕಾದಂಬರಿ ಆಧರಿಸಿದ ಆ ಚಿತ್ರದಲ್ಲಿ ಜಮೀನ್ದಾರನ ದತ್ತುಪುತ್ರ ಪ್ರೀತಿಸುವುದು ಅದೇ ಜಮೀನ್ದಾರನಿಗೆ ಇನ್ನೊಂದು ಮನೆಯಲ್ಲಿ ಹುಟ್ಟಿದ ಮಗಳನ್ನು. ಗಂಡಸು ಹಾಯಾಗಿ ಕಟ್ಟಿಕೊಂಡ ಎರಡು ಮನೆಗಳ ಲೆಕ್ಕವನ್ನು ಕೊನೆಗೆ ತೀರಿಸಬೇಕಾದವಳು ಅವನ ಹೆಂಡತಿ, ಜಯಮಾಲಾ ಅಭಿನಯಿಸಿದ ತಾಯಿ.

2025ರಲ್ಲಿ ರಾಜ್ಯ ಸರ್ಕಾರ ತಂದ ಹೊಸ ಮಸೂದೆ ‘ತಂದೆಯ ಹೆಸರು’ ಎಂಬ ಆ ಖಾನೆಗೇ ಕೈಹಾಕಿದೆ. ದೇವದಾಸಿಯರ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯಲೇಬೇಕೆಂಬ ಒತ್ತಾಯ ಇರಬಾರದು, ಬೇಕೆಂದರೆ ತಂದೆ ಯಾರೆಂದು ಗುರುತಿಸಿಕೊಳ್ಳುವ ಹಕ್ಕೂ ಇರಬೇಕು ಎಂಬುದು ಅದರ ತಿರುಳು.

ತಪ್ಪು ಕಲ್ಪನೆ 5: ಪಾರಾಗಲು ಎರಡೇ ದಾರಿ, ಮದುವೆ ಇಲ್ಲವೇ ಸಾವು

ವಾಸ್ತವ: ‘ಗೆಜ್ಜೆ ಪೂಜೆ’ಯ ಚಂದ್ರಾಗೆ ಮದುವೆ ಕೈತಪ್ಪಿದ ಮೇಲೆ ಕಥೆ ಅವಳಿಗೆ ಸಾವನ್ನಷ್ಟೇ ಉಳಿಸುತ್ತದೆ. ಚಿತ್ರಮಂದಿರದಲ್ಲಿ ಕಣ್ಣೀರು ಹರಿಯಿತು, ಸರಿ. ಈ ನೆಲದಲ್ಲಿ ಮೂರನೆಯ ದಾರಿ ತೆರೆದವರಿದ್ದಾರೆ. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡ, ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ, ಘಟಪ್ರಭಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯ ಮೂಲಕ ತನ್ನಂಥ ಹೆಂಗಸರನ್ನು ಸಂಘಟಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಸಂಸ್ಥೆಯನ್ನು ನಡೆಸಿದವರು ಮಾಜಿ ದೇವದಾಸಿಯರೇ. ಸ್ವಸಹಾಯ ಸಂಘ, ಉಳಿತಾಯ, ಮಕ್ಕಳ ಓದು, ಜಾತ್ರೆಯಲ್ಲಿ ಕಣ್ಗಾವಲು: ಇವು ಅವರು ಹಿಡಿದ ಕೆಲಸಗಳು. ಇನ್ನೊಬ್ಬರ ಮಗಳ ಕೊರಳಿಗೆ ಮುತ್ತು ಬೀಳದಂತೆ ತಡೆಯಲು ನಿಂತವರು ಅದೇ ಮುತ್ತು ಹೊತ್ತ ಹೆಂಗಸರು.

ತಾಯಿ-ಮಗಳ ಮುನಿಸನ್ನು ಇಟ್ಟುಕೊಂಡು ಈ ಸೀಮೆಯ ಬಗ್ಗೆ ಸಿನಿಮಾ ಮಾಡಹೊರಟವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅವ್ವ ಯಾಕೆ ಹೀಗೆ ಮಾಡಿದಳು ಎಂಬುದಲ್ಲ. ಹೊಲ ಯಾರ ಹೆಸರಲ್ಲಿತ್ತು, ಮಗನೇ ಬೇಕೆಂದವರು ಯಾರು, ಹೆಸರು ಕೊಡದೆ ಹೋದವನು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ, ಆ ಮುನಿಸಿನಲ್ಲಿ ಅವ್ವನ ಪಾಲು ಎಷ್ಟು ಚಿಕ್ಕದು ಎಂಬುದು ಗೊತ್ತಾಗುತ್ತದೆ.