ಹಸುವಿನ ಹೊಟ್ಟೆಗೆ ತಂತಿ ಹೋದ್ರೆ: ಅಯಸ್ಕಾಂತ ಯಾವಾಗ, ಆಪರೇಷನ್ ಯಾವಾಗ?

ನಿನ್ನೆವರೆಗೂ ಹತ್ತು ಲೀಟರ್ ಕೊಡ್ತಿದ್ದ ಹಸು ಇವತ್ತು ಮೂರಕ್ಕೆ ಇಳಿದಿದೆ ಅಂದುಕೊಳ್ಳಿ. ಹಿಂಡಿ ಮುಟ್ಟಲ್ಲ, ಮೆಲುಕು ಹಾಕಲ್ಲ, ಬೆನ್ನು ಗೂನು ಮಾಡಿಕೊಂಡು ನಿಂತಿದೆ. ಇದು ಅಜೀರ್ಣ ಅಂದುಕೊಂಡು ಶುಂಠಿ, ಓಂಕಾಳು, ಬೆಲ್ಲ ಕುಡಿಸಿ ಮೂರ್ನಾಲ್ಕು ದಿನ ಕಾಯೋರೇ ಹೆಚ್ಚು. ಕಾರಣ ಅಜೀರ್ಣ ಅಲ್ಲದೆ ಹೊಟ್ಟೆಗೆ ಚುಚ್ಚಿದ ತಂತಿಯಾಗಿದ್ರೆ, ಆ ಮೂರ್ನಾಲ್ಕು ದಿನವೇ ಹಸುವಿನ ಜೀವಕ್ಕೆ ಕುತ್ತು ತರಬಹುದು.

ತಂತಿ ಒಳಗೆ ಹೋಗೋದು ಹೇಗೆ?

ಹಸು ಮೇವನ್ನು ಆರಿಸಿ ತಿನ್ನಲ್ಲ. ನಾಲಿಗೆಯಿಂದ ಸುತ್ತಿ ಎಳೆದು, ಅರ್ಧಂಬರ್ಧ ಅಗಿದು ನುಂಗುತ್ತೆ. ಮೇವಿನ ಜೊತೆ ಮೊಳೆ, ಸೂಜಿ, ಪಿನ್ನು, ಪೆಂಡಿ ಕಟ್ಟಿದ ತಂತಿ ಏನಿದ್ರೂ ಹೊಟ್ಟೆ ಸೇರುತ್ತೆ. ಚಾಫ್ ಕಟರ್‌ಗೆ ತಂತಿ ಸಿಕ್ಕಿದ್ರೆ ಇನ್ನೂ ಅಪಾಯ, ಚೂಪು ತುದಿಯ ಹತ್ತಾರು ತುಂಡು ಆಗುತ್ತೆ. ಸೈಲೇಜ್ ಗುಂಡಿ ಮೇಲೆ ಹೇರಿದ ಹಳೇ ಟೈರ್ ಹರಿದಿದ್ರೆ ಅದರ ತಂತಿಯೂ ಮೇವಿಗೆ ಬೀಳುತ್ತೆ.

ನುಂಗಿದ ಲೋಹ ಭಾರ ಇರೋದ್ರಿಂದ ಎರಡನೇ ಹೊಟ್ಟೆಯಲ್ಲಿ ಬಂದು ಕೂರುತ್ತೆ. ಒಳಗೆ ಜೇನುಗೂಡಿನ ಹಾಗೆ ಗೂಡುಗಳಿರುವ ಈ ಹೊಟ್ಟೆಗೆ ಡಾಕ್ಟರು ರೆಟಿಕ್ಯುಲಮ್ ಅಂತಾರೆ. ಅದರ ಮುಂದೆ ವಪೆ, ವಪೆಯ ಆಚೆ ಕೆಲವೇ ಸೆಂಟಿಮೀಟರ್ ದೂರದಲ್ಲಿ ಹೃದಯ. ಹೊಟ್ಟೆ ಒಂದೊಂದು ಸಲ ಹಿಂಡಿದಾಗಲೂ ತಂತಿ ಒಂಚೂರು ಮುಂದೆ ಹೋಗುತ್ತೆ. ತುಂಬು ಗಬ್ಬದಲ್ಲಿ, ಕರು ಹಾಕುವಾಗ ಒತ್ತಡ ಹೆಚ್ಚಿರೋದ್ರಿಂದ ಚುಚ್ಚುವ ಸಾಧ್ಯತೆಯೂ ಹೆಚ್ಚು.

ಗುರುತಿಸೋದು ಹೇಗೆ?

- ಹಾಲು ಒಮ್ಮೆಲೇ ಕುಸಿಯುತ್ತೆ, ಮೇವು ಬಿಡುತ್ತೆ, ಸ್ವಲ್ಪ ಜ್ವರ ಇರುತ್ತೆ.
- ಬೆನ್ನು ಬಾಗಿಸಿ, ಮುಂಗಾಲಿನ ಮೊಣಕೈ ಹೊರಗೆ ಮಾಡಿ ನಿಲ್ಲುತ್ತೆ.
- ಇಳಿಜಾರಿನಲ್ಲಿ ಇಳಿಯೋಕೆ ಹಿಂಜರಿಯುತ್ತೆ. ಮಲಗುವಾಗ, ಸಗಣಿ ಹಾಕುವಾಗ ನರಳುತ್ತೆ.
- ಭುಜದ ಮೇಲಿನ ಬೆನ್ನನ್ನು ಹಿಡಿದು ಹಿಂಡಿದ್ರೆ ಆರೋಗ್ಯವಾಗಿರೋ ಹಸು ಬೆನ್ನು ತಗ್ಗಿಸುತ್ತೆ. ತಂತಿ ಚುಚ್ಚಿದ ಹಸು ನೋವಿಗೆ ತಗ್ಗಿಸಲ್ಲ, ನರಳಬಹುದು.

ಗಂಗೆದೊಗಲು ಊದಿಕೊಂಡು, ಕುತ್ತಿಗೆಯ ರಕ್ತನಾಳ ಹಗ್ಗದ ಹಾಗೆ ಉಬ್ಬಿದ್ರೆ ತಂತಿ ಹೃದಯದ ಚೀಲ ಮುಟ್ಟಿ ಕೀವಾಗಿರುವ ಸಾಧ್ಯತೆ ಇದೆ. ಆ ಹಂತದಲ್ಲಿ ಹಸುವನ್ನು ಉಳಿಸೋದು ತುಂಬಾ ಕಷ್ಟ.

ಅಯಸ್ಕಾಂತದ ಕೆಲಸ

ಹಸುವಿಗಾಗಿಯೇ ಮಾಡಿದ ಅಯಸ್ಕಾಂತ ಸಿಗುತ್ತೆ. ಬೆರಳಿನಷ್ಟು ಉದ್ದ, ತುದಿ ನುಣುಪು, ತೂಕ ಇರುತ್ತೆ. ಡಾಕ್ಟರು ಇದನ್ನು ಗುಳಿಗೆ ಹಾಕುವ ಸಲಕರಣೆಯಿಂದ ಗಂಟಲಿಗೆ ಇಳಿಸ್ತಾರೆ. ಎರಡನೇ ಹೊಟ್ಟೆಗೆ ಹೋಗಿ ಕೂತರೆ ಸಾಮಾನ್ಯವಾಗಿ ಜೀವನಪೂರ್ತಿ ಅಲ್ಲೇ ಇರುತ್ತೆ. ಆಮೇಲೆ ಬಂದ ಮೊಳೆ, ತಂತಿ ಎಲ್ಲ ಅದಕ್ಕೆ ಅಂಟಿಕೊಂಡು ಗೋಡೆಗೆ ಚುಚ್ಚೋದು ತಪ್ಪುತ್ತೆ.

ಆದ್ರೆ ಇದಕ್ಕೂ ಮಿತಿ ಇದೆ. ತಾಮ್ರ, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಅಂಟಲ್ಲ. ಗೋಡೆ ದಾಟಿ ಆಚೆ ಹೋದ ತಂತಿಯನ್ನು ಅದು ವಾಪಸ್ ಎಳೆಯಲ್ಲ. ಈ ಮಾತು ಹೊಸದೇನಲ್ಲ. ದೇಹಕ್ಕೆ ನೆಟ್ಟ ಬಾಣದ ಮೊನೆ ತೆಗೆಯೋಕೆ ಅಯಸ್ಕಾಂತ ಬಳಸಬಹುದು ಅಂತ ಸುಶ್ರುತ ಸಂಹಿತೆ ಹೇಳುತ್ತೆ, ಜೊತೆಗೆ ಷರತ್ತನ್ನೂ ಹಾಕುತ್ತೆ: ಮೊನೆ ಸಿಕ್ಕಿಕೊಂಡಿರಬಾರದು, ಮುಳ್ಳು ಇರಬಾರದು, ಗಾಯದ ಬಾಯಿ ಅಗಲ ಇರಬೇಕು. ಇವತ್ತು ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಮನುಷ್ಯರ ಹೃದಯದ ಬಡಿತದ ತೊಂದರೆಗೆ, ತುದಿಯಲ್ಲಿ ಅಯಸ್ಕಾಂತ ಇರುವ ತೆಳು ಕೊಳವೆಯನ್ನು ರಕ್ತನಾಳಕ್ಕೆ ಬಿಟ್ಟು, ಹೊರಗಿನ ದೊಡ್ಡ ಅಯಸ್ಕಾಂತಗಳಿಂದ ಅದನ್ನು ಬೇಕಾದ ಕಡೆ ತಿರುಗಿಸ್ತಾರೆ.

ಆಪರೇಷನ್ ಬೇಕೋ ಬೇಡವೋ?

ಬೇಗ ಗೊತ್ತಾದ್ರೆ ಡಾಕ್ಟರು ಮೊದಲು ಅಯಸ್ಕಾಂತ ಇಳಿಸಿ, ಆಂಟಿಬಯೋಟಿಕ್ ಕೊಟ್ಟು, ಹಸುವನ್ನು ಮುಂಗಾಲು ಎತ್ತರಕ್ಕೆ ಬರುವ ಹಾಗೆ ಕಟ್ಟಿಸಬಹುದು. ಹೊಟ್ಟೆಯ ಭಾರ ಹಿಂದಕ್ಕೆ ವಾಲಿದ್ರೆ ತಂತಿ ಮುಂದೆ ಹೋಗೋದು ತಗ್ಗುತ್ತೆ, ಅರ್ಧ ಚುಚ್ಚಿದ್ದು ಹಿಂದೆ ಸರಿದು ಅಂಟಿಕೊಳ್ಳಬಹುದು.

ಎಕ್ಸ್-ರೇ ಇರುವ ಕಡೆ ಅಯಸ್ಕಾಂತವೇ ದಾರಿ ತೋರಿಸುತ್ತೆ. ತಂತಿ ಅದಕ್ಕೆ ಅಂಟಿಕೊಂಡು ಕೂತಿದ್ರೆ ಬಹುಪಾಲು ಆಪರೇಷನ್ ಬೇಕಾಗಲ್ಲ. ಅಯಸ್ಕಾಂತ ಒಂದು ಕಡೆ, ತಂತಿ ವಪೆಯ ಕಡೆಗೆ ಮೂತಿ ಮಾಡಿ ಇನ್ನೊಂದು ಕಡೆ ಕಂಡ್ರೆ, ಕೈ ಹಾಕಿ ತೆಗೆಯಲೇಬೇಕು.

ಆಪರೇಷನ್ ಅಂದ ತಕ್ಷಣ ಹೆದರಬೇಡಿ. ಹಸುವನ್ನು ನಿಲ್ಲಿಸಿಕೊಂಡೇ, ಎಡ ಪಕ್ಕೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕೊಯ್ತಾರೆ. ಮೊದಲ ಹೊಟ್ಟೆ ತೆರೆದು, ಸ್ವಲ್ಪ ಮೇವು ಹೊರಗೆ ತೆಗೆದು, ಕೈಯನ್ನು ಮುಂದಕ್ಕೆ ಎರಡನೇ ಹೊಟ್ಟೆವರೆಗೆ ಹಾಕ್ತಾರೆ. ಗೂಡುಗಳ ನಡುವೆ ಬೆರಳಿಂದ ತಡಕಿ, ತಂತಿಯನ್ನು ಅದು ಹೋದ ದಾರಿಯಲ್ಲೇ ಹಿಂದಕ್ಕೆ ಎಳೀತಾರೆ. ಚಿಕ್ಕಪುಟ್ಟ ತುಂಡು ಹುಡುಕೋಕೆ ಒಳಗೆ ಅಯಸ್ಕಾಂತ ಆಡಿಸೋದೂ ಉಂಟು. ಕೊನೆಗೆ ಒಂದು ಅಯಸ್ಕಾಂತ ಅಲ್ಲೇ ಬಿಟ್ಟು ಹೊಲಿಗೆ ಹಾಕ್ತಾರೆ. ತಂತಿ ಹೃದಯ ಮುಟ್ಟುವ ಮೊದಲು ಮಾಡಿಸಿದ್ರೆ ಹಸು ಚೇತರಿಸಿಕೊಂಡು ಮತ್ತೆ ಹಾಲಿಗೆ ಬರುವ ಅವಕಾಶ ಚೆನ್ನಾಗಿರುತ್ತೆ.

ನಿಮ್ಮ ಮೊಬೈಲ್‌ನಿಂದ ಒಂದು ಪರೀಕ್ಷೆ

ಕೊಂಡುತಂದ ಹಸುವಿನ ಹೊಟ್ಟೆಯಲ್ಲಿ ಈಗಾಗಲೇ ಅಯಸ್ಕಾಂತ ಇದೆಯಾ? ಡಾಕ್ಟರು ಇದನ್ನು ದಿಕ್ಸೂಚಿಯಿಂದ ನೋಡ್ತಾರೆ. ಹೆಚ್ಚಿನ ಸ್ಮಾರ್ಟ್‌ಫೋನ್‌ಗಳಲ್ಲಿ ದಿಕ್ಸೂಚಿ ಆ್ಯಪ್ ಇರುತ್ತೆ.

1. ಹಸುವನ್ನು ಕೊಟ್ಟಿಗೆಯ ಕಬ್ಬಿಣದ ಪೈಪು, ಸರಪಳಿಯಿಂದ ದೂರ ಬಯಲಿಗೆ ಕರೆದುಕೊಂಡು ಬನ್ನಿ.
2. ಫೋನಿನ ಕವರ್ ತೆಗೆಯಿರಿ. ಹಲವು ಕವರ್‌ಗಳಲ್ಲೇ ಅಯಸ್ಕಾಂತ ಇರುತ್ತೆ.
3. ಒಂದು ಮಾರು ದೂರದಲ್ಲಿ ಫೋನ್ ಸಮವಾಗಿ ಹಿಡಿದು ದಿಕ್ಕು ನೋಡಿಕೊಳ್ಳಿ.
4. ಫೋನ್ ತಿರುಗಿಸದೆ ನಿಧಾನವಾಗಿ ಎಡ ಮುಂಗಾಲಿನ ಮೊಣಕೈ ಹಿಂದೆ, ಎದೆಯ ಕೆಳಭಾಗದ ಹತ್ತಿರ ತನ್ನಿ. ಮುಳ್ಳು ಗಕ್ಕನೆ ತಿರುಗಿದ್ರೆ ಒಳಗೆ ಅಯಸ್ಕಾಂತ ಇದೆ.

ಇದು ಅಯಸ್ಕಾಂತ ಇದೆಯೋ ಇಲ್ಲವೋ ಅನ್ನೋದನ್ನಷ್ಟೇ ಹೇಳುತ್ತೆ. ತಂತಿ ಇದೆಯಾ ಅಂತ ಹೇಳಲ್ಲ. ಅನುಮಾನ ಇದ್ರೆ ಡಾಕ್ಟರೇ ನೋಡಬೇಕು.

ಇಷ್ಟು ಮಾಡಿ

- ಸುಮಾರು ಒಂದು ವರ್ಷ ದಾಟಿದ ಕಡಸುಗಳಿಗೆ, ಗಬ್ಬ ಕಟ್ಟುವ ಮೊದಲೇ, ಡಾಕ್ಟರನ್ನು ಕೇಳಿ ಅಯಸ್ಕಾಂತ ಹಾಕಿಸಿ. ಎಮ್ಮೆಗೂ ಇದೇ ಮಾತು.
- ಸ್ಪೀಕರಿನ ಅಯಸ್ಕಾಂತ, ಅಂಗಡಿಯ ಚಿಕ್ಕ ಬಿಲ್ಲೆಗಳನ್ನು ನುಂಗಿಸಲೇಬೇಡಿ. ಒಡೆದು ಚೂಪಾಗುತ್ತವೆ, ಎರಡು ಬಿಲ್ಲೆ ಸೇರಿ ಕರುಳಿನ ಗೋಡೆಯನ್ನು ಹಿಚುಕಬಹುದು.
- ಚಾಫ್ ಕಟರ್‌ಗೆ ಮೇವು ಹಾಕುವ ಜಾಗದಲ್ಲಿ ಗಟ್ಟಿ ಅಯಸ್ಕಾಂತ ಕೂರಿಸಿ, ದಿನಾ ಒರೆಸಿ.
- ಪೆಂಡಿಯ ತಂತಿ ಬಿಚ್ಚಿದ ಕೂಡಲೇ ಒಂದು ಡಬ್ಬಕ್ಕೆ ಹಾಕಿ. ಮನೆ ಕಟ್ಟುವ ಜಾಗದಲ್ಲಿ ದನ ಬಿಡಬೇಡಿ.
- ಮೇಲಿನ ಲಕ್ಷಣ ಕಂಡ ದಿನವೇ ಪಶು ಆಸ್ಪತ್ರೆಗೆ ಹೋಗಿ, ಇಲ್ಲಾಂದ್ರೆ ಪಶು ಸಂಜೀವಿನಿಯ 1962ಕ್ಕೆ ಫೋನ್ ಮಾಡಿ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್ ಸುತ್ತಮುತ್ತಲಿನವರು ಅಲ್ಲಿನ ಪಶುವೈದ್ಯಕೀಯ ಕಾಲೇಜನ್ನೂ ವಿಚಾರಿಸಬಹುದು.

ತಂತಿ ಗೋಡೆ ಚುಚ್ಚುವ ಮೊದಲಾದ್ರೆ ಒಂದು ಅಯಸ್ಕಾಂತ ಸಾಕಾಗಬಹುದು. ಚುಚ್ಚಿದ ಮೇಲೆ ಡಾಕ್ಟರ ಕೈ ಬೇಕು. ಹೃದಯ ಮುಟ್ಟಿದ ಮೇಲೆ ಎರಡೂ ಕೈಕೊಡುತ್ತವೆ. ಹಾಗಾಗಿ ಇವತ್ತು ಸಂಜೆ ಹಾಲು ಕರೆಯುವ ಮೊದಲು ಗೋದಲಿಗೆ ಒಮ್ಮೆ ಕೈ ಆಡಿಸಿ ನೋಡಿ.