ಬಾನೆಟ್ ಎತ್ತಲು ಗ್ಯಾರೇಜಿನವರೇ ಬೇಕೆ?

ಕರಾವಳಿಯ ಎಷ್ಟೋ ಮನೆಗಳಲ್ಲಿ ಈಗ ಕಾರು ಓಡಿಸುವವರು ಮಹಿಳೆಯರೇ. ಯಜಮಾನರು ದುಬೈಯಲ್ಲೋ ದಮ್ಮಾಮಿನಲ್ಲೋ ದುಡಿಯುತ್ತಿರುತ್ತಾರೆ. ಮಕ್ಕಳನ್ನು ಶಾಲೆಗೆ ಬಿಡುವುದು, ಅತ್ತೆಯನ್ನು ಡಾಕ್ಟರ ಬಳಿಗೆ ಕರೆದೊಯ್ಯುವುದು, ಮದುವೆ ಮನೆಗೆ ಹೋಗಿಬರುವುದು ಎಲ್ಲವೂ ಇವರದೇ ಜವಾಬ್ದಾರಿ. ಆದರೆ ಸ್ಟಿಯರಿಂಗ್ ಹಿಡಿಯುವ ಕೈ ಬಾನೆಟ್ ಎತ್ತಲು ಹಿಂಜರಿಯುತ್ತದೆ. ಅದು ಗಂಡಸರ ಕೆಲಸ ಎಂಬ ಭಾವನೆ. ಹೀಗಾಗಿ ಹತ್ತು ನಿಮಿಷದ ಕೆಲಸಕ್ಕೂ ಕಾರು ಗ್ಯಾರೇಜಿಗೆ ಹೋಗುತ್ತದೆ. ಬಿಲ್ಲಿನಲ್ಲಿ ಏನು ಬರೆದಿದೆಯೆಂದು ತಿಳಿಯದೆಯೇ ಹಣ ಕೊಟ್ಟು ಬರಬೇಕಾಗುತ್ತದೆ.

ಎ.ಸಿ.ಯನ್ನೇ ತೆಗೆದುಕೊಳ್ಳಿ. ತಂಪು ಕಡಿಮೆಯಾಯಿತೆಂದರೆ 'ಗ್ಯಾಸ್ ಹಾಕಬೇಕು' ಎಂಬ ಮಾತು ಥಟ್ಟನೆ ಬರುತ್ತದೆ. ಹೋಗುವ ಮುನ್ನ ಒಂದು ನಿಮಿಷ ಗಮನಿಸಿ. ಗಾಳಿ ತಣ್ಣಗಿದೆ, ಆದರೆ ಜೋರಾಗಿ ಬೀಸುತ್ತಿಲ್ಲ ಎಂದಾದರೆ ಹೆಚ್ಚಾಗಿ ಎ.ಸಿ. ಫಿಲ್ಟರಿನಲ್ಲಿ ಧೂಳು ಕಟ್ಟಿರುತ್ತದೆ. ಗಾಳಿ ಜೋರಾಗಿದೆ, ತಣ್ಣಗಿಲ್ಲ ಎಂದಾದರೆ ಮಾತ್ರ ಗ್ಯಾಸ್ ಅಥವಾ ಕಂಪ್ರೆಸರಿನ ಪ್ರಶ್ನೆ. ಹಲವು ಕಾರುಗಳಲ್ಲಿ ಈ ಫಿಲ್ಟರ್ ಎಡಬದಿಯ ಡ್ಯಾಶ್‌ಬೋರ್ಡ್ ಪೆಟ್ಟಿಗೆಯ ಹಿಂದೆ ಇರುತ್ತದೆ. ಪೆಟ್ಟಿಗೆಯನ್ನು ಕಳಚಿದರೆ ಕೈಗೆ ಸಿಗುತ್ತದೆ. ಹಳೆಯ ಚಿಕ್ಕ ಕಾರುಗಳಲ್ಲಿ ಇದು ಇಲ್ಲದಿರುವುದೂ ಉಂಟು. ಇಂಜಿನ್ನಿನ ಏರ್ ಫಿಲ್ಟರ್ ಬದಲಿಸುವುದೂ ಇಷ್ಟೇ ಸುಲಭ. ನಾಲ್ಕೈದು ಕ್ಲಿಪ್ ಅಥವಾ ಸ್ಕ್ರೂ ಬಿಚ್ಚಿ, ಹಳೆಯದನ್ನು ತೆಗೆದು ಹೊಸದನ್ನು ಅದೇ ರೀತಿಯಲ್ಲಿ ಕೂರಿಸಿದರೆ ಮುಗಿಯಿತು. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು.

ನಮ್ಮ ಕಡೆಯ ತೇವದ ಗಾಳಿಯಲ್ಲಿ ಹೆಚ್ಚು ಕಾಡುವುದು ಬ್ಯಾಟರಿ. ಬೆಳಿಗ್ಗೆ ಕೀ ತಿರುಗಿಸಿದರೆ 'ಟಕ್ ಟಕ್' ಎನ್ನುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಹೊಸ ಬ್ಯಾಟರಿ ಕೊಳ್ಳುವ ಮೊದಲು ಬಾನೆಟ್ ಎತ್ತಿ ನೋಡಿ. ವಯರ್ ಸೇರುವಲ್ಲಿ ಬಿಳಿ ಅಥವಾ ಹಸಿರು ಮಿಶ್ರಿತ ಪುಡಿ ಕಟ್ಟಿದ್ದರೆ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಇದನ್ನು ತೆಗೆಯಲು ಒಂದು ಸ್ಪ್ಯಾನರ್ (ಹೆಚ್ಚಾಗಿ 10ನೇ ನಂಬರಿನದು), ಹಳೆಯ ಟೂತ್‌ಬ್ರಷ್ ಮತ್ತು ಅಡುಗೆ ಸೋಡಾ ಸಾಕು. ಮೊದಲು ಕೈಯ ಬಳೆ, ಉಂಗುರಗಳನ್ನು ತೆಗೆದಿಡಿ. ಇದು ಬಹಳ ಮುಖ್ಯ. ಚಿನ್ನದ ಬಳೆಯೊಂದು ಬ್ಯಾಟರಿಗೂ ಕಾರಿನ ಲೋಹಕ್ಕೂ ಒಟ್ಟಿಗೆ ತಾಗಿದರೆ ಕ್ಷಣದಲ್ಲಿ ಕಾದು ಕೈ ಸುಟ್ಟೀತು. ಕಾರನ್ನು ಪೂರ್ತಿ ಬಂದ್ ಮಾಡಿ ಮೊದಲು ಕಪ್ಪು (ಮೈನಸ್) ವಯರ್ ಬಿಚ್ಚಿ, ಆಮೇಲೆ ಕೆಂಪು. ಸೇರಿಸುವಾಗ ಮೊದಲು ಕೆಂಪು, ಕೊನೆಗೆ ಕಪ್ಪು. ಈ ಕ್ರಮ ತಪ್ಪಿದರೆ ಸ್ಪ್ಯಾನರ್ ಬಾಡಿಗೆ ತಾಗಿ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಉರಿಯುವ ಅನಿಲ ಹೊರಬರುವುದರಿಂದ ಬೆಂಕಿಕಡ್ಡಿಯನ್ನು ಹತ್ತಿರ ತರಲೇಬಾರದು. ನೀರಿನಲ್ಲಿ ಕದಡಿದ ಸೋಡಾದಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಬಿಗಿಯಾಗಿ ಸೇರಿಸಿದ ಮೇಲೆ ತುಸು ವ್ಯಾಸಲಿನ್ ಸವರಿ. ಸೋಡಾ ನೀರು ಬ್ಯಾಟರಿಯೊಳಗೆ ಇಳಿಯದಂತೆ ನೋಡಿಕೊಳ್ಳಿ. ಆ ಪುಡಿ ಕೈಗಾಗಲಿ ಕಣ್ಣಿಗಾಗಲಿ ತಾಗಬಾರದು. ಇಷ್ಟಾದರೂ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ.

ಫ್ಯೂಸ್ ಹೋದಾಗ ಹಾರ್ನ್, ಲೈಟ್ ಅಥವಾ ವೈಪರ್ ಒಮ್ಮೆಲೇ ನಿಂತುಬಿಡುತ್ತದೆ. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲೆ ಯಾವುದು ಯಾವುದಕ್ಕೆ ಎಂಬ ನಕ್ಷೆ ಇರುತ್ತದೆ. ಬಣ್ಣದಿಂದಲೇ ಆಂಪಿಯರ್ ತಿಳಿಯುತ್ತದೆ: ಕೆಂಪು 10, ನೀಲಿ 15, ಹಳದಿ 20. ಅದೇ ಆಂಪಿಯರಿನದನ್ನೇ ಹಾಕಬೇಕು. ತಂತಿ ಸುತ್ತಿ ಅಥವಾ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸಿಕ್ಕಿಸಿ ನಡೆಸುವ ಚಾಳಿ ಕೆಲವರಲ್ಲಿದೆ. ಕಾರಿಗೆ ಬೆಂಕಿ ಬೀಳಲು ಬೇರೆ ಕಾರಣ ಬೇಕಿಲ್ಲ. ಹೊಸ ಫ್ಯೂಸ್ ಕೂಡ ಪದೇ ಪದೇ ಹೋಗುತ್ತಿದ್ದರೆ ಎಲ್ಲೋ ವಯರ್ ಕೆಟ್ಟಿದೆ ಎಂದರ್ಥ. ಮಳೆಗಾಲದಲ್ಲಿ ಇಲಿಗಳು ಬೆಚ್ಚಗಿರಲೆಂದು ಇಂಜಿನ್ನಿನೊಳಗೆ ಸೇರಿ ವಯರ್ ಕಡಿಯುವುದು ನಮ್ಮೂರುಗಳಲ್ಲಿ ಹೊಸದೇನಲ್ಲ!

ಟಯರಿನ ಗಾಳಿ ಎಷ್ಟಿರಬೇಕೆಂದು ಚಾಲಕರ ಬಾಗಿಲಿನ ಬಳಿಯ ಸ್ಟಿಕರಿನಲ್ಲಿ ನೋಡಿ, ಟಯರು ತಣ್ಣಗಿರುವಾಗ ಹಾಕಿಸಿ. ಸ್ಟೆಪ್ನಿಯನ್ನು ಮರೆಯಬೇಡಿ. ಗಾಳಿ ಕಡಿಮೆಯಿದ್ದರೆ ಪೆಟ್ರೋಲೂ ಹೆಚ್ಚು, ಟಯರೂ ಬೇಗ ಸವೆಯುತ್ತದೆ. ಪಟ್ಟೆಯ ಆಳ 1.6 ಮಿಲಿಮೀಟರಿಗೆ ಇಳಿದರೆ ಟಯರು ಬದಲಿಸಲೇಬೇಕು. ವೈಪರ್ ಬ್ಲೇಡನ್ನು ಜೂನ್ ಬರುವ ಮುಂಚೆಯೇ ಬದಲಿಸಿಬಿಡಿ. ಕೂಲಂಟ್ ಡಬ್ಬಿಯ ಮಟ್ಟವನ್ನು ಹೊರಗಿನಿಂದಲೇ ನೋಡಬಹುದು. ಇಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಇನ್ನು, ಎಲ್ಲಿ ಕೈ ಹಾಕಬಾರದು ಎಂಬುದು. ಬ್ರೇಕ್ ಆಯಿಲಿನ ಮಟ್ಟವನ್ನು ನೋಡುವುದಷ್ಟೇ ನಮ್ಮ ಕೆಲಸ. ಅದು ಇಳಿದಿದೆ ಎಂದರೆ ಬ್ರೇಕ್ ಪ್ಯಾಡ್ ಸವೆದಿರಬೇಕು, ಇಲ್ಲವೇ ಎಲ್ಲಿಂದಲೋ ಸೋರುತ್ತಿರಬೇಕು. ಮೇಲಿನಿಂದ ತುಂಬಿಸಿ ಸುಮ್ಮನಾದರೆ ಆ ಎಚ್ಚರಿಕೆಯನ್ನೇ ಮುಚ್ಚಿಟ್ಟಂತೆ. ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುವ ಕಾರು ಅದು. ಏರ್‌ಬ್ಯಾಗಿನ ವಯರ್, ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಲೇಬೇಡಿ. ಬರೀ ಜ್ಯಾಕಿನ ಮೇಲೆ ನಿಂತ ಕಾರಿನಡಿಗೆ ಯಾರೂ ತಲೆ ಹಾಕಬಾರದು. ಜ್ಯಾಕ್ ಜಾರಲು ಹೊತ್ತು ಬೇಕಾಗಿಲ್ಲ.

ಇಂಜಿನ್ ಆಯಿಲ್ ಮನೆಯಲ್ಲೇ ಬದಲಿಸಿ ಉಳಿಸಬಹುದೆಂದು ವಿಡಿಯೋಗಳಲ್ಲಿ ತೋರಿಸುತ್ತಾರೆ. ನನಗೇಕೋ ಇದು ಸರಿ ಕಾಣುವುದಿಲ್ಲ. ಉಳಿಯುವುದು ಕೂಲಿ ಮಾತ್ರ. ಅದಕ್ಕಾಗಿ ಕಾರಿನಡಿಗೆ ಹೋಗಬೇಕು. ತೆಗೆದ ಕಪ್ಪು ಎಣ್ಣೆಯನ್ನು ಸುರಿಯುವುದೆಲ್ಲಿ? ತೋಟದ ಮೂಲೆಯಲ್ಲಿ ಸುರಿದರೆ ನಾಳೆ ನಮ್ಮದೇ ಬಾವಿಯ ನೀರು ಕೆಟ್ಟೀತು. ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡುವ ಅಭ್ಯಾಸವಿದ್ದರೆ ಸಾಕು, ಬದಲಿಸುವುದನ್ನು ಗ್ಯಾರೇಜಿನವರಿಗೇ ಬಿಡಿ. ವಾರಂಟಿಯಿರುವ ಕಾರಾದರೆ ಸರ್ವಿಸಿನ ತಾರೀಕು ತಪ್ಪಿಸದೆ ಬಿಲ್ಲುಗಳನ್ನೆಲ್ಲ ಕಾದಿಡಿ.

ಗ್ಯಾರೇಜಿಗೆ ಹೋಗುವ ದಿನ ಬಂದಾಗ 'ಏನೋ ಶಬ್ದ ಬರುತ್ತದೆ' ಎನ್ನಬೇಡಿ. ಬ್ರೇಕ್ ಒತ್ತುವಾಗಲೋ ತಿರುವಿನಲ್ಲೋ, ಮುಂದಿನಿಂದಲೋ ಹಿಂದಿನಿಂದಲೋ ಎಂದು ವಿವರವಾಗಿ ಹೇಳಿ. ಕೆಲಸಕ್ಕೆ ಮೊದಲೇ ಅಂದಾಜು ಖರ್ಚನ್ನು ಬರೆಸಿಕೊಳ್ಳಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಕಾರಿನಲ್ಲೇ ಒಂದು ಸಣ್ಣ ಪುಸ್ತಕವಿಟ್ಟು ಯಾವ ತಾರೀಕಿನಂದು, ಎಷ್ಟು ಕಿಲೋಮೀಟರಿನಲ್ಲಿ ಏನು ಬದಲಿಸಿದ್ದೆಂದು ಬರೆದಿಡಿ. ಆರು ತಿಂಗಳ ಹಿಂದೆಯಷ್ಟೇ ಹಾಕಿಸಿದ ಫಿಲ್ಟರ್ ಮತ್ತೆ ಬಿಲ್ಲಿನಲ್ಲಿ ಕಂಡರೆ ಆ ಪುಟ ತೆರೆದು ತೋರಿಸಬಹುದು.